ಉತ್ತರ ಸರಿ, ಸಂಖ್ಯೆ ಮಾತ್ರ 1: 4294967297ರ ಗೋಳು

ತೊಗರಿನಾಡು (ಕಲಬುರಗಿ):
ಸಿ ಭಾಷೆಯಲ್ಲಿ ಅವಿಭಾಜ್ಯ ಸಂಖ್ಯೆ ನೋಡುವ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. 3ರಿಂದ ಶುರು. ಪ್ರತಿ ಸಲ 1 ಕಳೆದು, ಉಳಿದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ 1 ಕೂಡಿಸುತ್ತೇನೆ. 3, 5, 17, 257, 65537 ಬಂದವು, ಐದೂ ಅವಿಭಾಜ್ಯ. ಆರನೆಯದು 4294967297 ಆಗಬೇಕು. ಅದಕ್ಕೆ 'ಅವಿಭಾಜ್ಯ ಅಲ್ಲ' ಅನ್ನುತ್ತೆ, ಪುಸ್ತಕದಲ್ಲೂ ಹಾಗೇ ಇದೆ, ಆದರೆ ಸಂಖ್ಯೆ ಪ್ರಿಂಟ್ ಮಾಡಿದರೆ ಬರೀ 1! ಉತ್ತರ ಸರಿ ಇದೆಯಲ್ಲ ಬಿಡು, ಈ ಬಿಸಿಲಿಗೆ ಲ್ಯಾಪ್‌ಟಾಪ್‌ಗೂ ತಲೆ ತಿರುಗಿದೆ ಅಂತ ರೂಮ್‌ಮೇಟ್ ನಗುತ್ತಾನೆ. ನನಗೆ ಸಮಾಧಾನ ಇಲ್ಲ.

ಲೆಕ್ಕದ ಮಾಸ್ತರ್ (ಬೀದರ್):
ಬಿಡಬೇಡ ತಮ್ಮಾ. ವೇರಿಯಬಲ್ ಅನ್‌ಸೈನ್ಡ್ ಇಂಟ್ ಇಟ್ಟಿದ್ದೀ, ಅಲ್ವಾ? ಅದು ಮೈನಸ್ ಇಲ್ಲದ ಪೂರ್ಣಾಂಕ ಇಡುವ ಜಾಗ, 32 ಬಿಟ್, ಅಂದರೆ 0 ಇಲ್ಲವೇ 1 ಹಿಡಿಸುವ 32 ಮನೆ. 4294967295ರ ತನಕ ಮಾತ್ರ ಹಿಡಿಸುತ್ತೆ. ನಿನ್ನ ಸಂಖ್ಯೆ ಅದಕ್ಕಿಂತ ಎರಡೇ ಎರಡು ಜಾಸ್ತಿ. ಮೀಟರ್ ಪೂರ್ತಿ ತಿರುಗಿ ಮತ್ತೆ 0ಗೆ ಬಂದು 1ಕ್ಕೆ ನಿಂತಿದೆ. 1 ಅವಿಭಾಜ್ಯ ಅಲ್ಲವಲ್ಲ, ಅದಕ್ಕೇ ಆ ಉತ್ತರ. ನಿನ್ನ ಪ್ರೋಗ್ರಾಂ ಆ ದೊಡ್ಡ ಸಂಖ್ಯೆಯ ಮುಖಾನೇ ನೋಡಿಲ್ಲ.

ತೊಗರಿನಾಡು:
ಉತ್ತರ ಇಡುವ ವೇರಿಯಬಲ್ ಅನ್‌ಸೈನ್ಡ್ ಲಾಂಗ್ ಲಾಂಗ್ (ಇಂಟ್‌ಗಿಂತ ದೊಡ್ಡ ಜಾಗ) ಮಾಡಿದೆ ಸರ್. ಮತ್ತೆ 1.

ಭೀಮಾತೀರ (ಯಾದಗಿರಿ):
ಗುಣಿಸುವ ವೇರಿಯಬಲ್ ಇನ್ನೂ ಇಂಟ್ ಆಗೇ ಇರಬೇಕು. ಗುಣಾಕಾರ 32 ಬಿಟ್‌ನಲ್ಲೇ ಮುಗಿದು ಎಲ್ಲಾ ಚೆಲ್ಲಿಹೋದ ಮೇಲೆ ದೊಡ್ಡ ಕೊಡ ಇಟ್ಟರೆ ಏನು ಬಂತು? ಅದನ್ನೂ ಬದಲಾಯಿಸಿ. ಪ್ರಿಂಟ್‌ನಲ್ಲಿ ಪರ್ಸೆಂಟ್ ಯು (ಎಷ್ಟು ದೊಡ್ಡ ಸಂಖ್ಯೆ ತೋರಿಸಬೇಕು ಅನ್ನೋ ಗುರುತು) ಇದ್ದರೆ ಪರ್ಸೆಂಟ್ ಎಲ್‌ಎಲ್‌ಯು ಮಾಡಿ, ಇಲ್ಲಾಂದ್ರೆ ಅಲ್ಲೂ 1 ಕಾಣಿಸಬಹುದು.

ತೊಗರಿನಾಡು:
ಬಂತು! 641ರಿಂದ ಭಾಗ ಹೋಗುತ್ತೆ, 6700417 ಸಲ. ಒಂದು ಸಲ ಮೋಸ ಹೋಗಿದ್ದೇನೆ, ಈಗ ಮಷೀನ್ ಮೇಲೆ ನಂಬಿಕೆ ಇಲ್ಲ. ಕೈಲೆಕ್ಕದಲ್ಲಿ ನೋಡೋದು ಹೇಗೆ ಸರ್?

ಲೆಕ್ಕದ ಮಾಸ್ತರ್:
ಸುಮ್ನೆ ಗುಣಿಸಿ ನೋಡಬಹುದು, ಆದರೆ ಇದರಲ್ಲಿ ಮಜಾ ಜಾಸ್ತಿ. 641 ಅಂದರೆ 5 × 128 + 1. ಅದೇ 641 ಅಂದರೆ 625 + 16 ಕೂಡ. 641ರಿಂದ ಭಾಗಿಸಿದಾಗಿನ ಶೇಷ ಮಾತ್ರ ನೋಡು. 5 × 128ರ ಶೇಷ -1 ಅಂತ ಹಿಡಿ. ಅದನ್ನೇ ನಾಲ್ಕು ಸಲ ಗುಣಿಸಿದರೆ, 625 × 2ರ 28ನೇ ಘಾತದ ಶೇಷ 1. 625ರ ಬದಲು -16 ಹಾಕು, 16 ಅಂದರೆ 2ರ 4ನೇ ಘಾತ. ಆಗ 2ರ 32ನೇ ಘಾತದ ಶೇಷ -1 ಆಯ್ತು. ನಿನ್ನ ಸಂಖ್ಯೆ ಅಂದರೆ 2ರ 32ನೇ ಘಾತ + 1, ಹಾಗಾಗಿ 1 ಕೂಡಿಸಿದರೆ ಶೇಷ 0. ಎಲ್ಲೂ ಹತ್ತಂಕಿ ಸಂಖ್ಯೆ ಮುಟ್ಟಲೇ ಇಲ್ಲ!

ಈ ಸಾಲೆಲ್ಲ ಅವಿಭಾಜ್ಯ ಅಂತ ಗಣಿತಜ್ಞ ಫರ್ಮಾ ನಂಬಿದ್ದ. 641 ಹುಡುಕಿ ಅದನ್ನು ಸುಳ್ಳು ಮಾಡಿದ್ದು ಇನ್ನೊಬ್ಬ ಗಣಿತಜ್ಞ ಆಯ್ಲರ್, 1732ರಲ್ಲಿ. 4294967297ರ ಅವಿಭಾಜ್ಯ ಅಪವರ್ತನಗಳನ್ನು 128ರಿಂದ ಭಾಗಿಸಿದರೆ 1 ಉಳಿಯಲೇಬೇಕು ಅಂತ ಈಗ ಗೊತ್ತು. ಹಾಗಾಗಿ ನಿನ್ನ ಲೂಪ್ 3, 5, 7 ಅಂತ ಓಡೋದೇ ದಂಡ. ಮೊದಲು 257, ಅದಕ್ಕೆ 2 ಉಳಿಯುತ್ತೆ. 385, 513 ಅವಿಭಾಜ್ಯವೇ ಅಲ್ಲ. ಮುಂದಿನದೇ 641.

ತೊಗರಿನಾಡು:
ಅರ್ಥ ಆಯ್ತು ಸರ್. ಖುಷಿಯಲ್ಲಿ ಏಳನೆಯದನ್ನೂ ಓಡಿಸಿದೆ. ಮತ್ತೆ 1 ಅಂತಿದೆ.

ಭೀಮಾತೀರ:
ಅದು 2ರ 64ನೇ ಘಾತ + 1. ಲಾಂಗ್ ಲಾಂಗ್ ಎಷ್ಟು ಬಿಟ್ ಅಂತ ನೋಡಿ ಸ್ವಲ್ಪ.