ನೋಡ್, ಮಾಡ್ ಮತ್ತು ಹಳಸಿದ ವಿಕಿ: ಪ್ರಶ್ನೋತ್ತರ

(ಈ ವಾರ ಉತ್ತರಿಸಿದವರು ಮೈಸೂರು ಸರಸ್ವತಿಪುರಂನ ಟೆಕ್ನಿಕಲ್ ರೈಟರ್. ಸಾಫ್ಟ್‌ವೇರ್ ಕೈಪಿಡಿ ಬರೆಯೋದೇ ಅವರ ಹದಿನೇಳು ವರ್ಷದ ಕಸುಬು.)

ಪ್ರಶ್ನೆ (ಮಂಡ್ಯ, ಇಂಜಿನಿಯರಿಂಗ್ ಮೂರನೇ ವರ್ಷ): ಮೇಡಂ, ನಾವು ಆರು ಜನ ಸೇರಿ ಲುವಾಂಟಿ ಅನ್ನೋ, ಮೈನ್‌ಕ್ರಾಫ್ಟ್ ಥರದ ಆಟದಲ್ಲಿ ಕನ್ನಂಬಾಡಿ ಕಟ್ಟೆ ಕಟ್ತಾ ಇದ್ದೀವಿ. ಒಂದು ಮೀಟರಿಗೆ ಒಂದು ನೋಡ್, ಅಂದರೆ ಆಟದ ಒಂದು ಘನ ತುಂಡು, ಲೆಕ್ಕ. ಸರ್ವರ್ ನಡೆಸೋದು, ಮಾಡ್ (ಆಟಕ್ಕೆ ಸೇರಿಸೋ ಸಣ್ಣ ಪ್ರೋಗ್ರಾಂ) ಬರೆಯೋದು ಎಲ್ಲಕ್ಕೂ ಸೀನಿಯರ್‌ಗಳು ಶುರು ಮಾಡಿದ ಕನ್ನಡ ವಿಕಿ ಇದೆ, ಮೀಡಿಯಾವಿಕಿಯದ್ದು, ನೂರಕ್ಕೂ ಹೆಚ್ಚು ಪುಟ. ಸರ್ವರ್ 5.10ಕ್ಕೆ ಏರಿಸಿದ ಮೇಲೆ ಯಾವ ಪುಟ ನಂಬೋದು ಅಂತಲೇ ಗೊತ್ತಾಗ್ತಿಲ್ಲ. ಎಲ್ಲಾ ಕಡೆ ಮೈನ್‌ಟೆಸ್ಟ್ ಅನ್ನೋ ಹಳೇ ಹೆಸರೇ ಇದೆ. ಎಲ್ಲಾ ಅಳಿಸಿ ಹೊಸದಾಗಿ ಬರೆಯೋದು ವಾಸಿನಾ?

ಉತ್ತರ: ಅಳಿಸೋಕೆ ಮಾತ್ರ ಕೈ ಹಾಕಬೇಡಿ. ಪುಟದ ಇತಿಹಾಸ ತೆಗೆದು ನೋಡಿದರೆ ಯಾವ ಸಾಲು ಯಾವಾಗ, ಯಾಕೆ ಬಂತು ಅಂತ ಸಿಗುತ್ತೆ. ಹೊಸದಾಗಿ ಬರೆಯುವವರು ಅದೇ ಗುಂಡಿಗೆ ಮತ್ತೆ ಬೀಳೋದು ತಪ್ಪುತ್ತೆ.

ಮೊದಲು ಹೆಸರಿನ ವಿಷಯ. 2010ರಲ್ಲಿ ಹುಟ್ಟಿದ ಮೈನ್‌ಟೆಸ್ಟ್, 2024ರ ಅಕ್ಟೋಬರಿನಲ್ಲಿ ಲುವಾಂಟಿ ಅಂತ ಹೆಸರು ಬದಲಿಸಿಕೊಂಡಿತು. ಪುಟದ ಶೀರ್ಷಿಕೆ ಬದಲಿಸಿ, ಹಳೇ ಶೀರ್ಷಿಕೆಯಿಂದ ಪುನರ್ನಿರ್ದೇಶನ ಕೊಡಿ, ಸಾಕು. ಆದರೆ ‘ಹುಡುಕಿ-ಬದಲಿಸು’ ಒತ್ತಿ ಒಂದೇ ಏಟಿಗೆ ಮುಗಿಸಿಬಿಡೋಣ ಅಂದುಕೊಂಡಿದ್ದರೆ ಕೆಟ್ಟಿರಿ. 5.10ರಲ್ಲೂ ಸರ್ವರಿನ ಸೆಟ್ಟಿಂಗ್ ಫೈಲಿನ ಹೆಸರು ಮೈನ್‌ಟೆಸ್ಟ್ ಕಾನ್ಫ್ ಅಂತಲೇ ಇದೆ. ಕೋಡಿನಲ್ಲಿ ಈಗ ‘ಕೋರ್’ ಅಂತ ಶುರು ಮಾಡಿ ಅನ್ನುತ್ತಾರೆ, ‘ಮೈನ್‌ಟೆಸ್ಟ್’ ಅಂತ ಬರೆದ ಹಳೇ ಮಾಡ್‌ಗಳೂ ನಡೆಯುತ್ತವೆ. ‘ಲುವಾಂಟಿ’ ಅಂತ ಶುರುವಾಗೋ ಫಂಕ್ಷನ್ ಇಲ್ಲವೇ ಇಲ್ಲ. ಕುರುಡಾಗಿ ಬದಲಿಸಿದರೆ ಸರಿಯಿದ್ದ ಹಳೇ ಪುಟವೂ ತಪ್ಪಾಗುತ್ತೆ. ಮಾಡ್ ಪುಟಗಳಲ್ಲಿ ನಿಜವಾಗಿ ಹಳತಾಗಿರೋದು ಬೇರೆ: ಒಂದು ಮಾಡ್‌ಗೆ ಬೇರೆ ಯಾವ ಮಾಡ್ ಬೇಕು ಅಂತ ‘ಡಿಪೆಂಡ್ಸ್’ ಅನ್ನೋ ಟೆಕ್ಸ್ಟ್ ಫೈಲಿನಲ್ಲಿ ಬರೀತಿದ್ದರಲ್ಲ, ಈಗ ಅದನ್ನೆಲ್ಲ ಮಾಡ್ ಕಾನ್ಫ್ ಅನ್ನೋ ಫೈಲಿನ ಒಳಗೇ ಬರೀಬೇಕು. ಅಲ್ಲಿಂದ ಶುರು ಮಾಡಿ.

ಇನ್ನು, ಯಾವ ಪುಟ ನಂಬೋದು ಅಂದಿರಿ. ಮಂಡ್ಯದವರಿಗೆ ನಾನು ಇದನ್ನು ಹೇಳಿಕೊಡಬೇಕೇ? ಪೇಪರಿನಲ್ಲಿ ಕೆಆರ್‌ಎಸ್ ಮಟ್ಟ ಬರುತ್ತಲ್ಲ: ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ದಿನಾಂಕ ಹರಿದುಹೋಗಿರೋ ಪೇಪರು ತೋರಿಸಿ ‘ಇವತ್ತಿನ ಮಟ್ಟ’ ಅಂದರೆ ಯಾವ ರೈತ ನಂಬಿ ನಾಟಿ ಹಾಕ್ತಾನೆ? ನಿಮ್ಮ ವಿಕಿ ಪುಟಗಳು ಆ ಹರಿದ ಪೇಪರಿನ ಥರ ಇವೆ. ಒಂದು ಟೆಂಪ್ಲೇಟು ಮಾಡಿ, ಪ್ರತಿ ಪುಟದ ತಲೆಗೆ ಹಾಕಿ: ಯಾವ ಆವೃತ್ತಿಯಲ್ಲಿ, ಯಾವ ದಿನ, ಯಾರು ಮಾಡಿ ನೋಡಿದ್ದು. ಈ ಮೂರರಲ್ಲಿ ಒಂದು ಖಾಲಿ ಇದ್ದರೂ ಪುಟ ತಾನಾಗಿ ‘ಪರೀಕ್ಷೆಯಾಗದ ಪುಟಗಳು’ ವರ್ಗಕ್ಕೆ ಸೇರೋ ಹಾಗೆ ಟೆಂಪ್ಲೇಟಿನಲ್ಲೇ ಬರೆಯಬಹುದು. ಆ ಪಟ್ಟಿಯಿಂದ ವಾರಕ್ಕೆ ನಾಲ್ಕು ಪುಟ ತೆಗೆದುಕೊಳ್ಳಿ. ನೂರೂ ಒಟ್ಟಿಗೆ ಬೇಡ, ಸೆಮಿಸ್ಟರ್ ಪರೀಕ್ಷೆ ಬಂದರೆ ಅರ್ಧಕ್ಕೇ ನಿಂತುಹೋಗುತ್ತೆ.

ಲುವಾಂಟಿ ಎಂಜಿನ್ನಿನ ಪ್ರತಿ ಫಂಕ್ಷನ್ನಿಗೂ ನೀವೊಂದು ಪುಟ ಸಾಕೋದು ಬೇಡ. ಆ ದಸ್ತಾವೇಜು ಎಂಜಿನ್ ಜೊತೆಗೇ ಬರುತ್ತೆ, ಅದಕ್ಕೆ ಕೊಂಡಿ ಕೊಡಿ. ನಿಮ್ಮ ಕಟ್ಟೆ, ನಿಮ್ಮ ಗೇಟು, ನಿಮ್ಮ ಬ್ಯಾಕಪ್ಪು: ಇವನ್ನು ನಿಮ್ಮನ್ನು ಬಿಟ್ಟು ಬೇರೆ ಯಾರೂ ಬರೆಯೋರಿಲ್ಲ.

ಪ್ರಶ್ನೆ (ಶ್ರೀರಂಗಪಟ್ಟಣ, ಹೈಸ್ಕೂಲು ಶಿಕ್ಷಕ): ಮೇಡಂ, ನಮ್ಮ ಮಕ್ಕಳೂ ಇದೇ ಸರ್ವರಿನಲ್ಲಿ ಆಡ್ತಾರೆ, ವಿಕಿಯಲ್ಲೂ ಬರೀತಾರೆ. ಎರಡು ತೊಂದರೆ. ಒಂದು, ಪದ: ‘ನೋಡ್’ ಅಂತ ಬರೆದರೆ ಮಕ್ಕಳು ‘ಏನ್ ನೋಡ್ಬೇಕು ಸಾರ್’ ಅಂತಾರೆ. ಎರಡು, ಯಾರು ಬೇಕಾದರೂ ಏನು ಬೇಕಾದರೂ ಬರೆಯೋದನ್ನ ತಡೆಯಬೇಕಾ?

ಉತ್ತರ: ಮೇಷ್ಟ್ರೇ, ನಗು ಬಂತು. ನಮ್ಮ ಕಡೆ ‘ನೋಡ್’, ‘ಮಾಡ್’ ಎರಡೂ ಅಪ್ಪಣೆಗಳೇ! ಆದರೂ ಆ ಪದವನ್ನು ಬಿಡಬೇಡಿ. ‘ಬ್ಲಾಕ್’ ಅಂತ ಬದಲಿಸಿದರೆ ದೊಡ್ಡ ಗೊಂದಲ ಆಗುತ್ತೆ. ಮೈನ್‌ಕ್ರಾಫ್ಟ್‌ನವರು ಬ್ಲಾಕ್ ಅನ್ನೋದನ್ನೇ ಲುವಾಂಟಿಯವರು ನೋಡ್ ಅನ್ನೋದು. ಲುವಾಂಟಿಯ ಮ್ಯಾಪ್‌ಬ್ಲಾಕ್ ಅಂದರೆ 16×16×16, ಅಂದರೆ 4,096 ನೋಡ್‌ಗಳ ಪೆಟ್ಟಿಗೆ. ಯಾರೂ ಹತ್ತಿರ ಇಲ್ಲದಾಗಲೂ ಗೇಟಿನ ಮಾಡ್ ನಡೀತಿರಬೇಕು ಅಂತ ಫೋರ್ಸ್‌ಲೋಡ್ ಮಾಡ್ತೀರಲ್ಲ, ಅದರ ಮಿತಿ ಸುಮ್ಮನೆ ಬಿಟ್ಟರೆ 16 ಮ್ಯಾಪ್‌ಬ್ಲಾಕ್. ಅವನ್ನು ಸಾಲಾಗಿ ಜೋಡಿಸಿದರೆ 256 ಮೀಟರ್. ಕಟ್ಟೆಯ ಉದ್ದ 2,621 ಮೀಟರ್, ಹತ್ತರಲ್ಲಿ ಒಂದು ಭಾಗಕ್ಕೂ ಅದು ಸಾಲದು. ‘16 ಬ್ಲಾಕ್’ ಅಂತ ಓದಿದ ಹುಡುಗ ಹದಿನಾರು ಕಲ್ಲು ಅಂದುಕೊಂಡರೆ ತಪ್ಪು ಅವನದಲ್ಲ. ಮೊದಲ ಸಲ ಬಂದಾಗ ‘ನೋಡ್ (ಒಂದು ಘನ ತುಂಡು)’ ಅಂತ ಬಿಡಿಸಿ ಹೇಳಿ, ಆಮೇಲೆ ನೋಡ್ ಅಂತಲೇ ಬರೆಯಿರಿ. ನಾಲ್ಕು ದಿನಕ್ಕೆ ಅಭ್ಯಾಸ ಆಗುತ್ತೆ.

ಇನ್ನೊಂದು ಕಾಟ ಕೀಬೋರ್ಡಿನದು. ‘ಮೈನ್‌ಟೆಸ್ಟ್’ ಬರೆಯುವಾಗ ಮಧ್ಯೆ ಅಕ್ಷರ ಬಿಡಿಸೋ ಕಾಣದ ಚಿಹ್ನೆಯನ್ನು ಒಬ್ಬರು ಹಾಕ್ತಾರೆ, ಇನ್ನೊಬ್ಬರ ಫೋನಿನಲ್ಲಿ ಅದು ಬರೋಲ್ಲ, ಟ ಒತ್ತಾಗಿ ಕೂರುತ್ತೆ. ವಿಕಿಗೆ ಅವು ಎರಡು ಬೇರೆ ಶೀರ್ಷಿಕೆ. ಒಂದೇ ವಿಷಯಕ್ಕೆ ಎರಡು ಪುಟ ಬೆಳೆದಿದ್ದರೆ ಬಹುಪಾಲು ಕಾರಣ ಇದೇ. ಒಂದನ್ನು ಇನ್ನೊಂದಕ್ಕೆ ಪುನರ್ನಿರ್ದೇಶಿಸಿ.

ಮಕ್ಕಳು ಬರೆಯೋದನ್ನ ತಡೀಬೇಡಿ. ಎಲ್ಲೆಲ್ಲಿ ಸಿಕ್ಕಿಬೀಳ್ತೀವಿ ಅಂತ ಹೊಸಬರಿಗೆ ಗೊತ್ತಿರೋ ಹಾಗೆ ನುರಿತವರಿಗೆ ಗೊತ್ತಿರೋಲ್ಲ. ಬೀಗ ಹಾಕಬೇಕಾದ್ದು ಸರ್ವರ್ ಸೆಟ್ಟಿಂಗ್, ಅಧಿಕಾರ ಕೊಡೋ ಆಜ್ಞೆ, ಬ್ಯಾಕಪ್: ಈ ಪುಟಗಳಿಗೆ ಮಾತ್ರ.

ಇದನ್ನು ಕಲಿತಿದ್ದು ಪೆಟ್ಟು ತಿಂದೇ. ಗೆಳೆಯರ ಒಂದು ಸಣ್ಣ ಸರ್ವರಿಗೆ ನಾನೇ ಪುಟ ಬರೆದಿದ್ದೆ. ಹೊಸ ಆಟಗಾರನಿಗೆ ತಾನಾಗಿ ಸಿಗೋ ಅಧಿಕಾರ ಎರಡೇ, ಮುಟ್ಟೋದು ಮತ್ತು ಮಾತಾಡೋದು. ಮನೆಯಲ್ಲಿ ಪರೀಕ್ಷೆಗೆ ಸುಲಭ ಆಗಲಿ ಅಂತ ಎಲ್ಲರಿಗೂ ಎಲ್ಲಾ ಅಧಿಕಾರ ಕೊಡೋ ಸಾಲನ್ನು ಸೇರಿಸಿದ್ದೆ. ‘ಮನೆಯ ಪರೀಕ್ಷೆಗೆ ಮಾತ್ರ’ ಅನ್ನೋದನ್ನ ಮೂರು ಪ್ಯಾರಾ ಕೆಳಗೆ ಬರೆದಿದ್ದೆ! ಯಾರೋ ಅದನ್ನು ನಕಲು ಮಾಡಿ ಎಲ್ಲರೂ ಬರೋ ಸರ್ವರಿಗೆ ಹಾಕಿದರು. ಆ ಸಂಜೆ ಒಬ್ಬ ಹುಡುಗ, ದೊಡ್ಡ ಜಾಗವನ್ನು ಒಂದೇ ಆಜ್ಞೆಗೆ ಬದಲಿಸೋ ಮಾಡ್ ಆದ ವರ್ಲ್ಡ್‌ಎಡಿಟ್‌ನಲ್ಲಿ ಎರಡು ಮೂಲೆ ಗುರುತು ಹಾಕಿ, ಮಧ್ಯದ್ದೆಲ್ಲ ಗಾಳಿಯಾಗಲಿ ಅಂದ. ಎರಡು ತಿಂಗಳು ಕಟ್ಟಿದ ಊರು ಹೋಯಿತು. ಕೊನೆಯ ಬ್ಯಾಕಪ್ಪು ನಡೀತಿರೋ ಸರ್ವರಿನಿಂದ ಫೈಲು ಎಳೆದುಕೊಂಡಿದ್ದು, ಅದೂ ತೆರೆಯಲಿಲ್ಲ. ಸರ್ವರ್ ನಿಲ್ಲಿಸಿ ಆಮೇಲೆ ನಕಲು ಮಾಡಿ ಅನ್ನೋ ಮಾತು ನನ್ನ ಪುಟದಲ್ಲಿ ಇರಲೇ ಇಲ್ಲ. ಅವತ್ತಿಂದ ಎಚ್ಚರಿಕೆಯನ್ನು ಆಜ್ಞೆಗಿಂತ ಮೇಲಿನ ಸಾಲಿನಲ್ಲೇ ಬರೀತೀನಿ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ಟೆಂಪ್ಲೇಟು ಹಾಕಿದ್ವಿ. ನಾಲ್ಕು ಪುಟ ಪರೀಕ್ಷೆ ಆಯ್ತು, ಎರಡು ಫೇಲು. ‘ಗೇಟು ತೆರೆದರೆ ನಾಲೆ ತುಂಬುತ್ತೆ’ ಅಂತ ಬರೆದಿದ್ರು. ನೀರು ಏಳೆಂಟು ನೋಡ್ ಹೋಗಿ ನಿಂತ್ಕೊಳ್ತು. ಆ ಪುಟ ತೆಗೆದುಬಿಡ್ಲಾ? ಇನ್ನೊಂದು, ಚಾಟ್‌ಬಾಟ್ ಹತ್ರ ಬರೆಸಿದ್ರೆ ಬೇಗ ಆಗುತ್ತೆ ಅಂತ ಗೆಳೆಯ ಅಂತಾನೆ.

ಉತ್ತರ: ಬರೆಸಿ, ಆದರೆ ‘ಯಾರು ಮಾಡಿ ನೋಡಿದ್ದು’ ಅನ್ನೋ ಕಡೆ ಬಾಟ್ ಹೆಸರು ಬರೋ ಹಾಗಿಲ್ಲ. ಇಲ್ಲದ ಫಂಕ್ಷನ್ನನ್ನು ಇದೆ ಅಂತ ಅದು ಬಹಳ ಗಟ್ಟಿಯಾಗಿ ಹೇಳುತ್ತೆ.

ನೀರಿನ ಪುಟ ತೆಗೀಬೇಡಿ, ತಿದ್ದಿ. ಸಮತಟ್ಟು ನೆಲದಲ್ಲಿ ನೀರು ಹರಡೋ ಮಿತಿ ಹೆಚ್ಚೆಂದರೆ ಎಂಟು. ಒಂದು ನೋಡ್ ಕೆಳಗೆ ಬಿದ್ದರೆ ಅಲ್ಲಿಂದ ಮತ್ತೆ ಪೂರ್ತಿ ಹರಿಯುತ್ತೆ. ಆರು ನೋಡ್‌ಗೊಂದು ಮೆಟ್ಟಿಲು ಇಳಿಸಿ ನೋಡಿ. ಮದ್ದೂರು, ಮಳವಳ್ಳಿಗೆ ವಿ.ಸಿ. ನಾಲೆ ನೀರು ಹೋಗೋದೂ ಇಳಿಜಾರಿನಿಂದಲೇ ತಾನೆ? ಮಾಡಿ ನೋಡಿದ ಮೇಲೆ ಆ ಸಾಲು ಪುಟದ ಮೊದಲಿಗೆ ಬರಲಿ, ದಿನಾಂಕದ ಸಮೇತ. ಗೇಟಿನ ಫೋಟೋ ಆಮೇಲೆ ಹಾಕಿ.