ಸಹಾಯ ಬೇಕು: ನೆಲ ಬೆಚ್ಚಗಿಡುವ ಥರ್ಮೋಸ್ಟಾಟ್‌ನಲ್ಲಿ ಸೆನ್ಸರ್ ಯಾವುದು ಅಂತ ಹಾಕಲಿ?

ನಮಸ್ಕಾರ. ಸ್ವೀಡನ್‌ನಲ್ಲಿದ್ದೇವೆ. ಇಲ್ಲಿ ಬಾತ್‌ರೂಮ್ ಟೈಲ್ಸ್ ಕೆಳಗೆ ಹೀಟಿಂಗ್ ಕೇಬಲ್ ಇರುತ್ತೆ. ಚಳಿಗಾಲದಲ್ಲಿ ಅದಿಲ್ಲದಿದ್ದರೆ ಕಾಲಿಡೋಕೇ ಆಗಲ್ಲ.

ಹಳೇ ಥರ್ಮೋಸ್ಟಾಟ್ ಕೆಟ್ಟಿತು. ಎಲೆಕ್ಟ್ರಿಷಿಯನ್ ಬಂದು ಹೊಸದು ಹಾಕಿ ಹೋದರು. ಆಮೇಲಿಂದ 26 ಡಿಗ್ರಿ ಇಟ್ಟರೂ ನೆಲ ಜಾಸ್ತಿನೇ ಬಿಸಿ. ಹೀಟಿಂಗ್ ಆಫ್ ಮಾಡಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಟೈಲ್ಸ್ ಮೇಲಿಟ್ಟ ಥರ್ಮಾಮೀಟರ್ 20 ತೋರಿಸಿದರೆ, ಇದರ ಸ್ಕ್ರೀನ್‌ನಲ್ಲಿ 16! ರೀಸೆಟ್ ಮಾಡಿದರೂ ಅದೇ ಕಥೆ. ಗೋಡೆಯ ಗಾಳಿ ಸೆನ್ಸರ್ ಅಲ್ಲ, ನೆಲದ ಸೆನ್ಸರ್ ಮೋಡ್‌ನಲ್ಲೇ ಇದೆ, ನೋಡಿದ್ದೇನೆ.

ಮೇನ್ ಆಫ್ ಮಾಡಿ, ಸೆನ್ಸರ್‌ನ ಎರಡೂ ವೈರ್ ಬಿಚ್ಚಿ ಮಲ್ಟಿಮೀಟರ್ ಇಟ್ಟೆ. ಸುಮಾರು 15 ಕಿಲೋ ಓಮ್ ಬಂತು. ಮೆನುವಿನಲ್ಲಿ ಸೆನ್ಸರ್ ಎಷ್ಟು ಕಿಲೋ ಓಮ್‌ನದ್ದು ಅನ್ನೋದಕ್ಕೆ 10, 12, 15 ಅಂತ ಮೂರು ಆಯ್ಕೆ ಇವೆ, ಈಗ 10 ಇದೆ. ಗೊಂದಲ ಇಲ್ಲೇ. ಅಳತೆ 15 ಬಂತು ಅಂತ 15 ಹಾಕೋದಾ? ಆದರೆ ಮೆನುವಿನ ನಂಬರ್ ಸೆನ್ಸರ್ 25 ಡಿಗ್ರಿಯಲ್ಲಿದ್ದಾಗಿನದ್ದು, ತಣ್ಣಗಾದಷ್ಟೂ ಓಮ್ ಏರುತ್ತೆ ಅಲ್ವಾ? ಹಾಗಾದರೆ 20 ಡಿಗ್ರಿಯಲ್ಲಿ 15 ತೋರಿಸೋದು 12ರ ಸೆನ್ಸರ್ ಇರಬೇಕು. ಸೆನ್ಸರ್ ಟೈಲ್ಸ್ ಅಡಿಯಲ್ಲಿದೆ, ಲೇಬಲ್ ನೋಡೋ ಹಾಗಿಲ್ಲ.

ಈ ಕೆಲಸ ಗೊತ್ತಿರೋರು ಹೇಳಿ: 12 ಹಾಕಿದರೆ ಸರಿನಾ? ಇಲ್ಲಾ 10 ಇಟ್ಟುಕೊಂಡೇ ಕ್ಯಾಲಿಬ್ರೇಷನ್‌ನಲ್ಲಿ 4 ಡಿಗ್ರಿ ಸೇರಿಸಿದರೆ ಸಾಕಾ?