ಪ್ರಶ್ನೋತ್ತರ: ಜಿಪ್ಸಿ, ಜಿಮ್ನಿಗೆ ವೀಲ್ ಸ್ಪೇಸರ್ ಹಾಕಿದರೆ ಸ್ಟೀರಿಂಗ್ ಏನಾಗುತ್ತದೆ?

ಅಡ್ಮಿನ್: ಮಳೆಗಾಲ ಹತ್ತಿರ ಬಂದ ಹಾಗೆ ಎಲ್ಲರದ್ದೂ ಇದೇ ಪ್ರಶ್ನೆ. ಹಬ್‌ಗೂ (ಚಕ್ರ ಕೂರುವ ತಿರುಗುವ ಭಾಗ) ಚಕ್ರಕ್ಕೂ ನಡುವೆ ಅಲ್ಯೂಮಿನಿಯಂ ಬಿಲ್ಲೆ ಕೂರಿಸಿ ಚಕ್ರವನ್ನು ಹೊರಗೆ ತರುತ್ತಾರಲ್ಲ, ಅದೇ ಸ್ಪೇಸರ್. ಗೋಣಿಕೊಪ್ಪದ ನಮ್ಮ ಮೆಕ್ಯಾನಿಕ್ ಅಣ್ಣ ಉತ್ತರ ಕೊಡುತ್ತಾರೆ. ಕೇಳಿ.

ಸೋಮವಾರಪೇಟೆ ಜಿಮ್ನಿ: ಅಣ್ಣ, 30 ಎಂಎಂ ಹಾಕಿದರೆ ಅಡ್ಡ ಇಳಿಜಾರಿನಲ್ಲಿ ಗಾಡಿ ಗಟ್ಟಿ ನಿಲ್ಲುತ್ತದಾ?

ಮೆಕ್ಯಾನಿಕ್: ಸ್ವಲ್ಪ. ಎರಡೂ ಕಡೆ ಸೇರಿ 60 ಎಂಎಂ ಅಗಲ ಸಿಗುತ್ತದೆ. ಮೇಲೆ ಕ್ಯಾರಿಯರ್‌ನಲ್ಲಿ ಭಾರ ಕಟ್ಟಿದರೆ ಆ ಲಾಭ ಹೋಯಿತು. ಸ್ಟೀರಿಂಗ್ ಭಾರವಾಗುತ್ತದೆ. ಕೆಸರು ಬಾಗಿಲಿಗೆಲ್ಲ ಎರಚುತ್ತದೆ.

ವಿರಾಜಪೇಟೆ ಥಾರ್: ಥಾರ್‌ಗೆ ಯಾವ ಮಡ್ ಟೈರ್ ಒಳ್ಳೆಯದು?

ನಾಪೋಕ್ಲು ಜಿಪ್ಸಿ: ಸರ್, ಮುಂದಿನ ಎರಡೂ ಚಕ್ರಕ್ಕೆ ಎರಡು ಇಂಚಿನ ಸ್ಪೇಸರ್ ಹಾಕಿಸಿದ್ದೇನೆ. ಮಾಂದಲ್‌ಪಟ್ಟಿಗೆ ಹೋಗಿ ಬಂದ ಮೇಲೆ, ಕಲ್ಲು ಸಿಕ್ಕಿದರೆ ಸಾಕು, ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ತಿರುಗುತ್ತದೆ. ಎಡ ಚಕ್ರದ ನಟ್ ಎರಡು ಸಲ ಲೂಸ್ ಆಗಿತ್ತು, ಬಿಗಿ ಮಾಡಿದೆ. ನಟ್ ಸುತ್ತ ಕಂದು ಪುಡಿ ಇದೆ. ತೋಟದ ಕೆಲಸದವರನ್ನು ಕರೆತರುವ ಗಾಡಿ. ಅಲೈನ್‌ಮೆಂಟ್ ಮಾಡಿಸಿದರೆ ಸಾಕಲ್ವಾ?

ಮೆಕ್ಯಾನಿಕ್: ಸಾಕಾಗುವುದಿಲ್ಲ. ಇವತ್ತೇ ಗಾಡಿ ನಿಲ್ಲಿಸಿ. ಯಾರನ್ನೂ ಹತ್ತಿಸಬೇಡಿ.

ಆ ಪುಡಿ ಸುಮ್ನೆ ಬಂದ ತುಕ್ಕಲ್ಲ. ಲೋಹಕ್ಕೆ ಲೋಹ ಉಜ್ಜಿ ಉದುರಿದ್ದು. ಒಳಗೆ ಏನೋ ಅಲ್ಲಾಡುತ್ತಿದೆ. ಹೀಗೆ ಓಡಿದ ಸ್ಟಡ್ (ನಟ್ ಕೂರುವ ಬೋಲ್ಟ್) ನೋಡಲು ಚೆನ್ನಾಗಿದ್ದರೂ ಬಿರುಕು ಬಿಟ್ಟಿರಬಹುದು. ನೀವು ಬಿಗಿ ಮಾಡಿದ್ದು ಹೊರಗಿನ ನಟ್. ಸ್ಪೇಸರನ್ನು ಹಬ್‌ಗೆ ಹಿಡಿದಿರುವ ಐದು ನಟ್ ಚಕ್ರದ ಹಿಂದೆ ಇವೆ. ಚಕ್ರ ಬಿಚ್ಚದೆ ಅವು ಕಾಣುವುದಿಲ್ಲ.

ಇನ್ನು ಸ್ಟೀರಿಂಗ್. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದು ಮೇಲೊಂದು ಕೆಳಗೊಂದು ಇರುವ ಕಿಂಗ್‌ಪಿನ್ ಎಂಬ ಗೂಟಗಳ ಮೇಲೆ. ಎರಡನ್ನೂ ಸೇರಿಸಿ ನೆಲದ ತನಕ ಗೆರೆ ಎಳೆಯಿರಿ. ಆ ಗೆರೆ ನೆಲ ಮುಟ್ಟಿದ ಜಾಗದಿಂದ ಟೈರಿನ ನಡುವಿಗೆ ಇರುವ ದೂರವೇ ಸ್ಕ್ರಬ್ ರೇಡಿಯಸ್. ನಿಮ್ಮ ಸ್ಪೇಸರ್ ಅದಕ್ಕೆ ಎರಡು ಇಂಚು ಸೇರಿಸಿದೆ. ಬಾಗಿಲನ್ನು ಕೀಲಿನ ಹತ್ತಿರ ತಳ್ಳುವುದಕ್ಕೂ ತುದಿಯಲ್ಲಿ ತಳ್ಳುವುದಕ್ಕೂ ಇರುವ ವ್ಯತ್ಯಾಸ ಇದು. ಕಲ್ಲು ಅದೇ, ಆದರೆ ಚಕ್ರ ತಿರುಗಿಸುವ ಸರಳಾದ ಟೈ ರಾಡ್‌ಗೂ ನಿಮ್ಮ ಕೈಗೂ ಬೀಳುವ ಪೆಟ್ಟು ಜಾಸ್ತಿ. ಒಂದು ಚಕ್ರ ಒದ್ದೆ ಎಲೆ ಮೇಲೆ, ಇನ್ನೊಂದು ಗಟ್ಟಿ ನೆಲದ ಮೇಲೆ ಇರುವಾಗ ಬ್ರೇಕ್ ಒತ್ತಿದರೆ ಗಾಡಿ ಗಟ್ಟಿ ನೆಲದ ಕಡೆ ಎಳೆಯುತ್ತದೆ.

ನಿಂತಲ್ಲೇ ಒಂದು ಪರೀಕ್ಷೆ ಮಾಡಿ. ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಸ್ಪೇಸರ್ ತೆಗೆದು ಚಕ್ರವನ್ನು ನೇರ ಹಬ್‌ಗೆ ಹಾಕಿ. ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ, ಅಂದರೆ ಸಡಿಲ ಅಲ್ಲಾಟ, ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಗ ಪ್ಲೇ ನಿಂತರೆ ವೀಲ್ ಬೇರಿಂಗ್. ನಿಲ್ಲದಿದ್ದರೆ ಕಿಂಗ್‌ಪಿನ್ ಬೇರಿಂಗ್. ನೋಡಿ ಹೇಳಿ.

ಕುಶಾಲನಗರ: ಫಾರ್ವರ್ಡ್ ಬಂದಿದೆ: "ನಟ್ ಲೂಸ್ ಆಗುತ್ತಿದ್ದರೆ ಗ್ರೀಸ್ ಹಚ್ಚಿ, ಸ್ಪ್ರಿಂಗ್ ವಾಷರ್ ಹಾಕಿ, ಪಾನಾಗೆ ಪೈಪ್ ಕೊಟ್ಟು ಬಿಗಿ ಮಾಡಿ."

ಮೆಕ್ಯಾನಿಕ್: ದಯವಿಟ್ಟು ಇದನ್ನು ಇನ್ನೊಬ್ಬರಿಗೆ ಕಳಿಸಬೇಡಿ. ಗ್ರೀಸ್ ಇದ್ದರೆ ಅದೇ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಸ್ಟಡ್ ಜಾಸ್ತಿ ಎಳೆದುಕೊಳ್ಳುತ್ತದೆ. ವಾಷರ್ ಇದ್ದರೆ ನಟ್‌ನ ಚೂಪು ಭಾಗ ರಿಮ್‌ನಲ್ಲಿ ಕೂರುವುದಿಲ್ಲ. ಪೈಪ್ ಕೊಟ್ಟು ತುಳಿದರೆ ಸ್ಟಡ್ ಹಿಗ್ಗುತ್ತದೆ. ಹಬ್ಬಿನ ಮುಖವನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ಟಾರ್ಕ್ ರೆಂಚ್ ಹಿಡಿಯಿರಿ. ಜಿಮ್ನಿಗೆ 100 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್. 50-100 ಕಿ.ಮೀ. ಓಡಿದ ಮೇಲೆ ಮತ್ತೆ ನೋಡಿ.

ಕುಟ್ಟ ಜಿಪ್ಸಿ: ಸ್ಪೇಸರ್ ಯಾಕೆ? ಆಫ್‌ಸೆಟ್ ಕಡಿಮೆ ಇರುವ, ಅಂದರೆ ಚಕ್ರವನ್ನು ತಾನೇ ಹೊರಗೆ ತರುವ ರಿಮ್ ಹಾಕಿ. ಸ್ಟೀರಿಂಗ್‌ಗೆ ಏನೂ ಆಗುವುದಿಲ್ಲ.

ಮಡಿಕೇರಿ ಜಿಮ್ನಿ: ತಪ್ಪು. ಚಕ್ರ ಹೊರಗೆ ಹೋದರೆ ಸ್ಟೀರಿಂಗ್‌ಗೆ ಎರಡೂ ಒಂದೇ.

ಕುಟ್ಟ ಜಿಪ್ಸಿ: ರಿಮ್ ಬಿಚ್ಚಿ ಬಿದ್ದದ್ದು ನೋಡಿದ್ದೀರಾ?

ಮಡಿಕೇರಿ ಜಿಮ್ನಿ: ಬಿಚ್ಚುವ ವಿಷಯ ನಾನು ಎತ್ತಲೇ ಇಲ್ಲ. ಓದಿ ಮಾತಾಡಿ.

ಸಿದ್ದಾಪುರ: ಇಬ್ಬರೂ ಮೊದಲು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಓದಿ. ಗಾಡಿ ಬದಲಾಯಿಸುವುದರ ಬಗ್ಗೆ ಅದರಲ್ಲಿದೆ. ಇನ್ಶೂರೆನ್ಸ್ ಕೊಡದಿದ್ದರೆ ಏನು ಮಾಡುತ್ತೀರಿ?

ಕುಟ್ಟ ಜಿಪ್ಸಿ: ನಿಮ್ಮನ್ನು ಯಾರು ಕೇಳಿದರು?

ಮೆಕ್ಯಾನಿಕ್: ಮಡಿಕೇರಿಯವರು ಹೇಳಿದ್ದು ಸರಿ. ಒಳ್ಳೆ ರಿಮ್ ಆದರೆ ಸಡಿಲವಾಗುವ ಜಾಗ ಒಂದು ಕಡಿಮೆ. ಅಷ್ಟೇ ಲಾಭ.

ಪೊನ್ನಂಪೇಟೆ ಜಿಮ್ನಿ: ಅಣ್ಣ, ಜಿಮ್ನಿಗೆ 30 ಎಂಎಂ ಹಾಕಬಹುದಾ?

ಮೆಕ್ಯಾನಿಕ್: ಮೇಲೆ ಹೇಳಿದ್ದೇನೆ.

ಪೊನ್ನಂಪೇಟೆ ಜಿಮ್ನಿ: ಹಿಂದೆ ಮಾತ್ರ ಹಾಕಿದರೆ?

ಮೆಕ್ಯಾನಿಕ್: ಸ್ಟೀರಿಂಗ್ ಒದೆಯುವುದಿಲ್ಲ. ಆದರೆ ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲಿ ಬರದೆ ಕೆಸರಿನಲ್ಲಿ ಬೇರೆ ಜಾಡು ಕೊರೆಯುತ್ತದೆ. ಇಂಜಿನ್‌ಗೆ ಎಳೆತ ಜಾಸ್ತಿ.

ವಿರಾಜಪೇಟೆ ಥಾರ್: ನನ್ನ ಟೈರ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಕುಶಾಲನಗರ: ಇನ್ನೊಂದು ಬಂತು. ಸ್ಟೀರಿಂಗ್ ನಡುಗಿದರೆ ಎರಡು ಡ್ಯಾಂಪರ್ (ನಡುಕ ಹೀರುವ ಶಾಕ್) ಹಾಕಿ ಅಂತ.

ಮೆಕ್ಯಾನಿಕ್: ಡ್ಯಾಂಪರ್ ನಡುಕವನ್ನು ಮುಚ್ಚಿಡುತ್ತದೆ. ಸವೆದ ಬೇರಿಂಗ್ ಒಳಗೇ ಉಳಿಯುತ್ತದೆ. ಫಾರ್ವರ್ಡ್ ನಿಲ್ಲಿಸುತ್ತೀರಾ, ನಾನು ಹೋಗಲಾ?

ನಾಪೋಕ್ಲು ಜಿಪ್ಸಿ: ಸರ್, ನೋಡಿದೆ. ಬ್ರೇಕ್ ಒತ್ತಿದರೂ ಎಡ ಚಕ್ರ ಅಲ್ಲಾಡುತ್ತದೆ. ಒಳಗಿನ ನಟ್ ಎರಡು ಬರಿಗೈಯಲ್ಲೇ ತಿರುಗಿದವು.

ಮೆಕ್ಯಾನಿಕ್: ಹಾಗಾದರೆ ಕಿಂಗ್‌ಪಿನ್ ಬೇರಿಂಗ್ ಹೋಗಿದೆ. ಆ ಚಕ್ರದ ಐದೂ ಸ್ಟಡ್ ಹೊಸದಾಗಬೇಕು. ಆ ಸ್ಪೇಸರ್ ಮತ್ತೆ ಹಾಕಬೇಡಿ, ಯಾರಿಗೂ ಮಾರಬೇಡಿ. ಗಾಡಿ ಓಡಿಸಿಕೊಂಡು ಬರಬೇಡಿ. ನಾಳೆ ಬೆಳಿಗ್ಗೆ ನಾನೇ ಬರುತ್ತೇನೆ, ಎಲ್ಲಿ ನಿಲ್ಲಿಸಿದ್ದೀರಿ ಅಂತ ಮೆಸೇಜ್ ಹಾಕಿ.